ಕೊನೆಯ ಫಾರಂ

ಮೂರು ಕೊಲೆಗಳಿರುವ ಕಾದಂಬರಿಯನ್ನೇ ಗಂಡನ ಕೈಗೆ ಕೊಟ್ಟು ಬಂದಿದ್ದೇನೆ, ಇವತ್ತಿನ ಮಟ್ಟಿಗೆ ಯೋಚನೆಯಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಬಾಡಿಗೆ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅಂಟು ಕಲೆಸುತ್ತಿದ್ದಳು. ಒಂದೇ ಕೊಲೆಯಿದ್ದರೆ ಅವನಿಗೆ ಸಾಲುವುದಿಲ್ಲ, ಅರ್ಧ ದಿನಕ್ಕೇ ಮುಗಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೆರಳು ಲಟಕ್ಕೆನಿಸುತ್ತ ಕೂರುತ್ತಾನೆ. ಮೂರಿದ್ದರೆ ವಾರದ ರಜೆಯ ದಿನ ಪೂರ್ತಿ ಕಳೆಯುತ್ತದೆ. ಅದೂ ಈ ಕಾದಂಬರಿಯಲ್ಲಿ ಒಬ್ಬಳ ಕುತ್ತಿಗೆಗೆ ಟೆಲಿಫೋನಿನ ತಂತಿ ಬಿಗಿದು, ಇನ್ನೊಬ್ಬನನ್ನು ಲಿಫ್ಟಿನ ಹೊಂಡಕ್ಕೆ ತಳ್ಳಿ, ಮೂರನೆಯವನ ತಲೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಜಜ್ಜುವ ಕೊಲೆಗಾರನಿಗೆ ಕೊನೆಗೆ ಪೊಲೀಸರು ಕೈಕೋಳ ಹಾಕಿ ಕರೆದೊಯ್ಯುತ್ತಾರೆ. ಅಷ್ಟಾದ ಮೇಲೆ ಓದಿದವನಿಗೆ ಹೊಡೆಯಲು ಇನ್ಯಾವ ಆಸೆ ಉಳಿದಿರುತ್ತದೆ. ಪಕ್ಕದ ಸ್ಟೂಲಿನ ಮೇಲೆ ಇವತ್ತು ಹೊಲಿಯಬೇಕಾದ ಪುಸ್ತಕಗಳು ಬೆನ್ನು ಮುರಿದುಕೊಂಡು ಬಿದ್ದಿದ್ದವು. ಅವಳ ಎಡ ಮಣಿಕಟ್ಟು ನೋಯುತ್ತಿತ್ತು. ಅದು ಹೊಸ ನೋವಲ್ಲ. ಮದುವೆಯಾದ ವರ್ಷ ಅವನು ಅದನ್ನು ಹಿಡಿದು ತಿರುಚಿದ್ದ, ಮಾರನೆಯ ದಿನ ತಾನೇ ಆಸ್ಪತ್ರೆಗೆ ಕರೆದೊಯ್ದು, ತನ್ನದೇ ಎಕ್ಸ್‌ರೇ ಕೋಣೆಯಲ್ಲಿ, ತನ್ನದೇ ಕೈಯಿಂದ ಫಿಲ್ಮ್ ತೆಗೆದಿದ್ದ. ಕಿಟಕಿಯ ಬೆಳಕಿಗೆ ಅದನ್ನು ಹಿಡಿದು, ಸಹೋದ್ಯೋಗಿಗಳ ಎದುರು ಅವಳ ಭುಜದ ಮೇಲೆ ಕೈಯಿಟ್ಟು, 'ಏನೂ ಆಗಿಲ್ಲ, ಮುರಿದಿಲ್ಲ' ಅಂದಿದ್ದ. ಎಷ್ಟು ಒಳ್ಳೆಯ ಗಂಡ ಎಂದು ನರ್ಸೊಬ್ಬಳು ನಕ್ಕಿದ್ದಳು. ಏನು ಮುರಿಯುತ್ತದೆ, ಏನು ಮುರಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವಳ ಮೈಯಲ್ಲಿ ಇಷ್ಟು ವರ್ಷಕ್ಕೂ ಒಂದು ಮೂಳೆ ಮುರಿದಿರಲಿಲ್ಲ.

ಆ ಮಣಿಕಟ್ಟಿನ ದಿನ ಅವನು ಓದುತ್ತಿದ್ದದ್ದು ಒಂದು ಪ್ರೇಮ ಕಾದಂಬರಿ. ಹೊಡೆಯುವ ಮುಂಚೆ ಅವನು ಕೈಗಡಿಯಾರ ಬಿಚ್ಚುತ್ತಾನೆ, ಬಿಚ್ಚಿ ಓದುತ್ತಿದ್ದ ಪುಸ್ತಕದ ಮೇಲೆ ಇಡುತ್ತಾನೆ, ಗಾಜಿಗೆ ಪೆಟ್ಟಾಗಬಾರದಲ್ಲ. ನೆಲಕ್ಕೆ ಕೆನ್ನೆಯೂರಿ ಬಿದ್ದಿದ್ದ ಅವಳಿಗೆ ಕಂಡದ್ದು ಕುರ್ಚಿಯ ಕೈಮೇಲಿದ್ದ ಆ ಪುಸ್ತಕ, ಅದರ ರಟ್ಟಿನ ಮೇಲೆ ಅಪ್ಪಿಕೊಂಡಿದ್ದ ಇಬ್ಬರು, ಇಬ್ಬರ ಮುಖದ ಮೇಲೆ ಟಿಕ್ ಟಿಕ್ ಅನ್ನುವ ಗಡಿಯಾರ. ಮುಂದಿನ ವಾರ ಅವನ ಕೈಗೆ ಸಿಕ್ಕಿದ್ದು ಪತ್ತೇದಾರಿ, ಆ ವಾರ ಏನೂ ಆಗಲಿಲ್ಲ. ಅದರ ಮುಂದಿನದು ತುಂಬಿದ ಮನೆಯ ಕಥೆ, ಅದರಲ್ಲೊಬ್ಬಳು ಗಂಡನ ಬೂಟು ಒರೆಸುತ್ತ ಹಾಡುತ್ತಾಳೆ. ಆ ವಾರ ಇವಳ ಕೆಳದುಟಿ ಒಡೆಯಿತು. ಹೀಗೆ ಒಂದೊಂದಾಗಿ ಅವಳಿಗೆ ತಿಳಿಯುತ್ತ ಹೋಯಿತು. ಪ್ರೇಮ ಕಾದಂಬರಿ ಓದಿದರೆ ಅದರೊಳಗಿನವಳನ್ನು ಇವಳ ಪಕ್ಕ ನಿಲ್ಲಿಸಿ ಅಳೆಯುತ್ತಾನೆ. ಸಂಸಾರದ ಕಾದಂಬರಿ ಅದಕ್ಕಿಂತ ಕೆಟ್ಟದ್ದು. ಇತಿಹಾಸದ್ದಾದರೆ ಮಾತು ಜೋರು, ಕೈ ಸುಮ್ಮನಿರುತ್ತದೆ. ದೆವ್ವದ್ದಾದರೆ ಬಚ್ಚಲಿಗೆ ಹೋಗುವಾಗಲೂ ದೀಪ ಹಾಕು ಎಂದು ಇವಳನ್ನೇ ಕೂಗುತ್ತಾನೆ, ಪಾಪ ಅನ್ನಿಸುವಷ್ಟು ಮೆತ್ತಗಾಗುತ್ತಾನೆ. ಒಮ್ಮೆ ದೆವ್ವದ ಕಾದಂಬರಿ ಓದುತ್ತಿದ್ದಾಗಲೂ ಹೊಡೆದಿದ್ದ. ಅವತ್ತು ಪಕ್ಕೆಲುಬು ಹಿಡಿದುಕೊಂಡೇ ಕೂತು ಆ ಪುಸ್ತಕವನ್ನು ಮೊದಲಿನಿಂದ ಓದಿದಾಗ ನಡುವೆ ದೆವ್ವ ಒಬ್ಬ ಗೃಹಸ್ಥನನ್ನು ಪ್ರೀತಿಸುವ ಆರು ಪುಟ ಸಿಕ್ಕಿತ್ತು. ತಪ್ಪು ತನ್ನದೇ, ನೋಡದೆ ಕೊಟ್ಟಿದ್ದೆ ಎಂದು ಅವಳಿಗೆ ಒಂಥರಾ ಸಮಾಧಾನವೇ ಆಗಿತ್ತು. ಅಂದಿನಿಂದ ತಾನು ಪೂರ್ತಿ ಓದದ ಒಂದು ಪುಸ್ತಕವನ್ನೂ ಮನೆಗೆ ಒಯ್ದವಳಲ್ಲ. ಹಾಲು ಕೆಟ್ಟಿದೆಯೇ ಎಂದು ಮೂಸಿ ನೋಡುವ ಹಾಗೆ ಕಾದಂಬರಿ ಓದುತ್ತಿದ್ದಳು. ಇದು ಅತ್ತೆಗೂ ಗೊತ್ತಿತ್ತು. ಇಬ್ಬರೂ ಇದರ ಬಗ್ಗೆ ಕೂತು ಮಾತಾಡಿದವರಲ್ಲ, ಆದರೆ ಪುಸ್ತಕ ಬದಲಾಗುವ ಸಂಜೆ ಬಾಗಿಲಲ್ಲೇ ನಿಂತು ಮುದುಕಿ ತಗ್ಗಿದ ದನಿಯಲ್ಲಿ, 'ಪತ್ತೇದಾರಿ ತಾನೇ?' ಎಂದು ಕೇಳುತ್ತಿದ್ದಳು. ಅತ್ತೆಯ ಎಡಗಿವಿ ಕೇಳಿಸುತ್ತಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಮಾವ ಕೊಟ್ಟದ್ದು.

ಓದುವುದು ಹೀಗೆ ಕಾವಲಿನ ಕೆಲಸವಾಗಿ ಶುರುವಾಗಿದ್ದರೂ, ಓದಿದ್ದೆಲ್ಲ ಅವನಿಗಿಂತ ಮೊದಲು ತನ್ನ ಮೈಗೇ ಹತ್ತುತ್ತಿತ್ತು ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೆವ್ವದ ಕಾದಂಬರಿಗೆ ಅವಳಿಗೆ ನಗು ಬರುತ್ತಿತ್ತು. ದೆವ್ವ ಬರುವ ಮುಂಚೆ ಬಾಗಿಲಾದರೂ ಕಿರುಗುಟ್ಟುತ್ತದೆ, ಗಾಳಿಯಾದರೂ ಬೀಸುತ್ತದೆ, ಅಷ್ಟು ಮರ್ಯಾದೆ ಯಾವ ಗಂಡಸು ಕೊಡುತ್ತಾನೆ. ಪ್ರೇಮ ಕಾದಂಬರಿಯಲ್ಲಿ ನಾಯಕ ನಾಯಕಿಯ ಕೈಯನ್ನು ಸರಕ್ಕನೆ ಹಿಡಿದೆಳೆದು 'ಎಲ್ಲಿಗೆ ಹೋಗ್ತೀಯ' ಅಂದ ಕಡೆ, ಅವಳ ಎದೆ ಝಲ್ಲೆಂದಿತು ಎಂದು ಬರೆದಿದ್ದರೆ, ಇವಳ ಮಣಿಕಟ್ಟು ಒಳಗಿನಿಂದ ಚುಚ್ಚುತ್ತಿತ್ತು, ಅಂಥದೊಂದು ಪುಸ್ತಕವನ್ನು ಈ ಕೋಣೆಯ ಗೋಡೆಗೆ ಎಸೆದು ಅದರ ಬೆನ್ನು ತಾನೇ ಮುರಿದು, ಆಮೇಲೆ ತಾನೇ ಹೊಲಿದಿದ್ದಳು. ಇತಿಹಾಸದ ಕಾದಂಬರಿಯಲ್ಲಿ ಒಂದೇ ವಾಕ್ಯದಲ್ಲಿ ಸಾವಿರಾರು ಜನ ಸಾಯುತ್ತಾರೆ, ಅದು ಅವಳಿಗೆ ಏನೂ ಅನ್ನಿಸದು, ಆದರೆ ಮಲಗಿದ್ದ ಅರಸನ ಬಾಯಿ ಮುಚ್ಚಿ ದಾಸಿಯೊಬ್ಬಳು ಕಠಾರಿ ಇಳಿಸಿದ ಪುಟವನ್ನು ಏಳು ಸಲ ಓದಿದ್ದಳು, ಓದುವಾಗ ಕೈಯಲ್ಲಿದ್ದ ದಬ್ಬಣ ರಟ್ಟನ್ನು ತೂರಿ ಮೇಜಿನ ಹಲಗೆಗೆ ಕಚ್ಚಿಕೊಂಡಿತ್ತು. ಪತ್ತೇದಾರಿಗಳಲ್ಲಂತೂ ಅವಳು ಯಾವತ್ತೂ ಕೊಲೆಗಾರನ ಕಡೆ. ಅವನು ಲೋಟ ತೊಳೆಯುವುದನ್ನು ಮರೆತಾಗ ಹಲ್ಲು ಕಡಿಯುತ್ತಿದ್ದಳು. ಇಷ್ಟೆಲ್ಲ ಮಾಡಿ ಲೋಟ ತೊಳೆಯಲು ಏನು ಧಾಡಿ, ತೊಳೆದು ಒರೆಸಿ ಕಪಾಟಿನಲ್ಲಿಡಲು ಎಷ್ಟು ಹೊತ್ತು ಬೇಕು, ಮನೆಗೆಲಸ ಬರದವರು ಕೊಲೆಗೆ ಕೈಹಾಕಬಾರದು. ಅವಳಿಗೆ ನಿಜವಾಗಿ ಹೊಟ್ಟೆ ತೊಳಸುತ್ತಿದ್ದದ್ದು ಸಂಸಾರದ ಕಾದಂಬರಿಗಳನ್ನು ಓದುವಾಗ. ಹತ್ತನೆಯ ಅಧ್ಯಾಯದಲ್ಲಿ ಒಂದು ಕೆನ್ನೆಯೇಟು, ಕೊನೆಯ ಅಧ್ಯಾಯದಲ್ಲಿ ತಿಂದವಳದೇ ಕ್ಷಮಾಪಣೆ. ಅಂಥ ಒಂದು ಕೊನೆಯನ್ನು ಯಾರೂ ಓದಬಾರದೆಂದು ಎರಡು ಪುಟಗಳನ್ನು ಸೇರಿಸಿ ಅಂಟಿಸಿಬಿಟ್ಟಿದ್ದಳು. ಅಂಗಡಿಯ ಯಜಮಾನರು ಅದನ್ನು ಕಂಡುಹಿಡಿದು ಗಿರಾಕಿಗಳ ಮುಂದೆಯೇ, 'ಅಂಟು ಎಲ್ಲಿ ಹಚ್ಬೇಕು ಅಂತ ಗೊತ್ತಿಲ್ದೋರು ಬೈಂಡಿಂಗಿಗೆ ಬರ್ತಾರೆ ನೋಡಿ' ಎಂದು ಪುಸ್ತಕ ಎತ್ತಿ ತೋರಿಸಿದ್ದರು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು.

ಸ್ಟೂಲಿಗೆ ಕೈಹಾಕುವ ಮುಂಚೆ ಅವಳ ಕೈಗೆ ಬಂದದ್ದು ಅಂಥದೇ ಒಂದು ಸಂಸಾರದ ಕಾದಂಬರಿ. ನಿನ್ನೆ ಹೊಲಿದದ್ದು, ಅಂಟು ಒಣಗಲೆಂದು ಭಾರದ ಹಲಗೆಗಳ ನಡುವೆ ಒತ್ತಿನಲ್ಲಿಟ್ಟಿದ್ದಳು. ಬಾಡಿಗೆಗೆ ಹೋಗುವ ಪುಸ್ತಕಗಳಲ್ಲಿ ಮೊದಲು ಹರಿಯುವುದು ಕೊನೆಯ ಹಾಳೆಗಳು, ಕುತೂಹಲ ತಡೆಯಲಾರದವರು ಮೊದಲು ಅಲ್ಲಿಗೇ ಕೈಹಾಕುತ್ತಾರೆ. ಅದಕ್ಕಾಗಿ ಯಜಮಾನರು ಪ್ರೆಸ್ಸಿನಿಂದ ಕೊನೆಯ ಫಾರಂಗಳನ್ನು ಬಿಡಿಯಾಗಿ ತರಿಸಿಡುತ್ತಿದ್ದರು. ಹದಿನಾರು ಪುಟ ಅಚ್ಚಾದ ಒಂದು ದೊಡ್ಡ ಹಾಳೆಯೇ ಒಂದು ಫಾರಂ. ಅದನ್ನು ಮೂರು ಸಲ ಮಡಿಚಿ, ಮಡಿಕೆಯಲ್ಲಿ ದಾರ ಪೋಣಿಸಿ, ಆಮೇಲೆ ಮುಚ್ಚಿಕೊಂಡಿರುವ ಅಂಚುಗಳನ್ನು ಚಾಕುವಿನಿಂದ ಸೀಳಿದರೆ ಪುಟಗಳು ಬಿಡಿಸಿಕೊಳ್ಳುತ್ತವೆ. ಫಾರಂನ ಮೊದಲ ಪುಟದ ಕೆಳಗೆ ಒಂದು ನಂಬರು ಇರುತ್ತದೆ. ಕೆಲವು ಪ್ರೆಸ್ಸಿನವರು ನಂಬರಿನ ಪಕ್ಕ ಪುಸ್ತಕದ ಹೆಸರಿನ ಮೊದಲಕ್ಷರವನ್ನೂ ಹಾಕುತ್ತಾರೆ, ಈ ಪ್ರೆಸ್ಸಿನವರು ಸೋಮಾರಿಗಳು, ಬರೀ ನಂಬರು. ಅವಳು ಸಂಸಾರದ ಕಾದಂಬರಿಯನ್ನು ಒತ್ತಿನಿಂದ ತೆಗೆದು ಬೆನ್ನು ಸವರಿ, ಕೊನೆಯ ಫಾರಂ ಸರಿಯಾಗಿ ಕೂತಿದೆಯೇ ಎಂದು ನೋಡಿದಳು. ಹದಿಮೂರು ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ ಇನ್ಸ್‌ಪೆಕ್ಟರು ಕೈಕೋಳ ಹೊರತೆಗೆದಿದ್ದ.

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ, ಈ ಕಥೆಯ ಮನೆಗೂ ಪೊಲೀಸರು ಬಂದರೇ ಎಂದು ಸಂತೋಷವೇ ಆಯಿತು. ಆಮೇಲೆ ತಿಳಿಯಿತು. ನಿನ್ನೆ ಸಂಜೆ ಎರಡು ಪುಸ್ತಕ ಹೊಲಿದಿದ್ದಳು, ಎರಡೂ ಅದೇ ಪ್ರೆಸ್ಸಿನವು, ಎರಡಕ್ಕೂ ಹದಿಮೂರೇ ಕೊನೆಯ ಫಾರಂ. ಕೊಲೆಯ ಕಾದಂಬರಿಯ ಕೊನೆ ಇಲ್ಲಿದೆ ಅಂದರೆ ಸಂಸಾರದ ಕೊನೆ ಅಲ್ಲಿದೆ, ಮನೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಅವನ ಕೈಯಲ್ಲಿ. ಟೆಲಿಫೋನ್ ತಂತಿ, ಲಿಫ್ಟು, ಇಸ್ತ್ರಿಪೆಟ್ಟಿಗೆ ಎಲ್ಲ ದಾಟಿ, ಕೊಲೆಗಾರ ಯಾರು ಎಂದು ಪುಟ ತಿರುಗಿಸಿದರೆ ಅಲ್ಲೊಬ್ಬಳು ಮೊಣಕಾಲೂರಿ, 'ನನ್ನಿಂದ ನಿಮಗೆ ಎಷ್ಟು ನೋವಾಯಿತೋ' ಎಂದು ಅಳುತ್ತಿರುತ್ತಾಳೆ. ಆ ಹದಿನಾರು ಪುಟಗಳನ್ನು ಅವಳು ಬಲ್ಲಳು. ಅದರಲ್ಲಿ ಒಂದು ಕಡೆ ಗಂಡ, ಒಳ್ಳೆಯ ಹೆಂಗಸು ಏಟನ್ನು ಲೆಕ್ಕ ಇಡುವುದಿಲ್ಲ ಅನ್ನುತ್ತಾನೆ. ಅದನ್ನು ಓದಿ ಅವನು ತಲೆಯೆತ್ತುತ್ತಾನೆ. ಆಗ ಅಡುಗೆಮನೆಯಲ್ಲಿ ಅತ್ತೆಯೊಬ್ಬಳೇ ಇರುತ್ತಾಳೆ, ಸಂಜೆಯಾದರೆ ನಾನೂ ಇರುತ್ತೇನೆ. ಇಷ್ಟು ವರ್ಷ ಹೊಲಿದರೂ ಫಾರಂ ತಪ್ಪಿದವಳಲ್ಲ. ಹಾಗಾದರೆ ನಿನ್ನೆ ಯಾಕೆ ತಪ್ಪಿತು. ಕಣ್ಣು ತಪ್ಪಿತೋ, ಕೈಗೆ ಬೇಕಾಗಿತ್ತೋ. ಎಷ್ಟು ದಿನ ಈ ಕಾವಲು, ಆಗುವುದು ಒಮ್ಮೆ ಆಗಿಹೋಗಲಿ ಎಂದು ಕೈಯೇ ತೀರ್ಮಾನ ಮಾಡಿತೋ ಎಂದು ಅವಳು ತನ್ನ ಬೆರಳುಗಳನ್ನೇ ನೋಡಿದಳು. ಅವುಗಳ ತುದಿಯಲ್ಲಿ ಅಂಟು ಒಣಗಿ ಬೆಳ್ಳಗಾಗಿತ್ತು.

ಮನೆಗೆ ಹೋಗಿ ಬರುತ್ತೇನೆ, ಹುಷಾರಿಲ್ಲ ಎಂದು ಯಜಮಾನರನ್ನು ಕೇಳಿದಾಗ ಅವರು ಕನ್ನಡಕದ ಮೇಲಿಂದ ನೋಡಿ, ಹೋದ ತಿಂಗಳೂ ಹುಷಾರಿರಲಿಲ್ಲ, ಅದರ ಹಿಂದಿನ ತಿಂಗಳು ಬಾಗಿಲು ತಗುಲಿ ತುಟಿ ಒಡೆದಿತ್ತು, ಆ ಬಾಗಿಲನ್ನಾದರೂ ಕಿತ್ತು ಹಾಕಿಸಬಾರದೇ ಅಂದರು. ಕೌಂಟರಿನ ಬಳಿ ಪ್ರೇಮ ಕಾದಂಬರಿ ಆರಿಸುತ್ತಿದ್ದ ಇಬ್ಬರು ಹುಡುಗಿಯರು ಅವಳ ತುಟಿಯನ್ನೇ ನೋಡಿದರು. ಹೊಸ ಪಾರ್ಸೆಲ್ಲಿನ ಪುಸ್ತಕಗಳಿಗೆಲ್ಲ ರಟ್ಟು ಹಾಕಿ ಹೋಗು ಎಂದು ಯಜಮಾನರು ಮುಖ ತಿರುಗಿಸಿದರು. ಅವರನ್ನು ಕೇಳದೆಯೇ ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಅದಕ್ಕೂ ಆಮೇಲೆ ಅವಳು ತನ್ನನ್ನೇ ಬೈದುಕೊಂಡಳು. ಹಿಂದಿನ ಕೋಣೆಯಲ್ಲಿ ಕೂತು ರಟ್ಟು ಕತ್ತರಿಸುತ್ತ ಕತ್ತರಿಸುತ್ತ ಗಂಡನನ್ನು ಕೊಂದಳು. ಮೊದಲು ಇತಿಹಾಸದ ರೀತಿ, ಬಾಯಿಗೆ ಅಂಗೈ ಒತ್ತಿ, ಕಠಾರಿ ಇಳಿಸಿ. ಆದರೆ ಅವನು ಅಂಗಾತ ಮಲಗುವುದಿಲ್ಲ, ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಪತ್ತೇದಾರಿಯಂತೆ ಇನ್ನೊಮ್ಮೆ ಕೊಂದಳು, ಇಸ್ತ್ರಿಪೆಟ್ಟಿಗೆಯಿಂದ, ತಲೆ ಒಡೆದ ಸದ್ದು ತೆಂಗಿನಕಾಯಿಯ ಸದ್ದಿನಂತಿತ್ತು, ನೆಲ ಒರೆಸಿದಳು, ಬಟ್ಟೆ ಹಿಂಡಿದಳು, ಲೋಟ ತೊಳೆದಳು, ಅತ್ತೆ ಬಂದು ಇಲ್ಲಿನ್ನೂ ಕೆಂಪಗಿದೆ ಎಂದು ಬೆರಳು ಮಾಡಿ ತೋರಿಸಿದಳು. ದೆವ್ವವಾಗಿ ಎದ್ದು ಬಂದ ಅವನನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಒತ್ತಿದಳು, ಒತ್ತುತ್ತಲೇ ಇದ್ದಳು. ಸಂಸಾರದ ರೀತಿಯಲ್ಲಿ ಕೊಲ್ಲುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ. ಅಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ, ಎಲ್ಲರೂ ಊಟಕ್ಕೆ ಕೂರುತ್ತಾರೆ. ಪಾರ್ಸೆಲ್ಲು ಮುಗಿದಾಗ ಅವಳ ಕೆನ್ನೆ ಬಿಸಿಯಾಗಿತ್ತು, ಹಸಿವಾಗಿತ್ತು. ಇಷ್ಟು ಹಸಿವು ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ತಟ್ಟೆಯಲ್ಲಿ ಬೀನ್ಸು ಹೆಚ್ಚುತ್ತಿದ್ದಳು. ಮುದುಕಿಯ ಮೈಮೇಲೆ ಗಾಯವೇನೂ ಕಾಣಲಿಲ್ಲ. ಗಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಪುಸ್ತಕ ಮುಚ್ಚಿ ತೊಡೆಯ ಮೇಲಿತ್ತು. ಅವನ ಮುಖ ಶಾಂತವಾಗಿತ್ತು. ಶಾಂತವಾಗಿರುವುದಕ್ಕೆ ಅರ್ಥವೇನೂ ಇಲ್ಲ, ಅವನ ಮುಖ ಯಾವಾಗಲೂ ಹಾಗೇ, ಉಸಿರು ಬಿಗಿಹಿಡಿಯಿರಿ, ಈಗ ಬಿಡಿ ಎಂದು ರೋಗಿಗಳಿಗೆ ಹೇಳುವ ಮುಖ. ಅವಳು ಚೀಲ ಕೆಳಗಿಟ್ಟು ಕೇಳಿದಳು.

'ಪುಸ್ತಕ ಮುಗೀತಾ?'

'ಆಗ್ಲೇ ಮುಗೀತು. ಮಧ್ಯಾಹ್ನವೇ.'

'ಕೊನೆ?'

'ಚೆನ್ನಾಗಿತ್ತು,' ಅವನು ಮೈಮುರಿದ. 'ನಾನು ಮೊದ್ಲೇ ಅಂದ್ಕೊಂಡಿದ್ದೆ, ಅವನೇ ಅಂತ. ಕೊನೇಗೆ ಸಿಕ್ಕಿಬಿದ್ದ.'

ಅವಳಿಗೆ ಕಿವಿಯಲ್ಲಿ ಗುಂಯ್ ಅಂದಿತು. ಸಿಕ್ಕಿಬೀಳುವ ಪುಟ ಅಂಗಡಿಯಲ್ಲಿದೆ, ತಾನೇ ಕಣ್ಣಾರೆ ನೋಡಿ ಬಂದಿದ್ದೇನೆ. ಕೈಚಾಚಿ ಅವನ ತೊಡೆಯ ಮೇಲಿಂದ ಪುಸ್ತಕವನ್ನು ಎತ್ತಿಕೊಂಡಳು, ಕೊನೆಗೆ ತಿರುಗಿಸಿದಳು. ಫಾರಂ ಹದಿಮೂರು ಮಡಿಚಿದ ಹಾಗೆಯೇ ಇತ್ತು. ಹೊಲಿಯುವ ಅವಸರದಲ್ಲಿ ಅವಳು ಅದರ ಅಂಚು ಸೀಳುವುದನ್ನೇ ಮರೆತಿದ್ದಳು. ಮೇಲೆ ಮುಚ್ಚಿಕೊಂಡಿತ್ತು, ಪಕ್ಕದಲ್ಲಿ ಮುಚ್ಚಿಕೊಂಡಿತ್ತು, ಒಳಗಿನ ಪುಟಗಳಿಗೆ ಬೆಳಕು ಕೂಡ ಹೋಗಿರಲಿಲ್ಲ. ಹೆಬ್ಬೆರಳು ತೂರಿಸಿದ ಗುರುತೂ ಇಲ್ಲ. ಅದರ ಹಿಂದಿನ ಹಾಳೆಗಳನ್ನು ಹಿಂದುಹಿಂದಕ್ಕೆ ಮಗುಚಿದಳು. ಹೊಸ ಅಂಟು ಬೆನ್ನಿನಿಂದ ಇಣುಕಿ ಒಣಗಿ, ಹಾಳೆ ಹಾಳೆಗೆ ಕೂಡಿಕೊಂಡಲ್ಲಿ ಮೊದಲ ಸಲ ತೆರೆಯುವವರ ಕೈಗೆ ಚಟಕ್ಕೆಂದು ಬಿಡುತ್ತದೆ. ಅವಳ ಕೈಗೆ ಒಂದೊಂದೂ ಚಟಕ್ ಚಟಕ್ಕೆಂದು ಬಿಟ್ಟಿತು. ಮೊದಲ ಅಧ್ಯಾಯದವರೆಗೂ ಬಿಟ್ಟಿತು. ಅವನು ಓದಿಯೇ ಇರಲಿಲ್ಲ. ಇವತ್ತು ಓದಿಲ್ಲವೋ, ಯಾವತ್ತೂ ಓದಿಲ್ಲವೋ. ಮುಖದ ಮುಂದೆ ಪುಸ್ತಕ ಹಿಡಿದು ಇಷ್ಟು ವರ್ಷ ಅವನು ಏನು ಮಾಡುತ್ತಿದ್ದ. ಅಡುಗೆಮನೆಯ ಪಾತ್ರೆ ಸದ್ದು ಕೇಳುತ್ತಿದ್ದ. ಯಾರು ಯಾರಿಗೆ ಪಿಸುಗುಟ್ಟಿದರು, ಯಾವ ಬಾಗಿಲು ಎಷ್ಟು ಜೋರಾಗಿ ಹಾಕಿಕೊಂಡಿತು, ಹಾಲು ಉಕ್ಕಿತೇ, ಎಲ್ಲವನ್ನೂ ಕೂಡಿಸಿಟ್ಟುಕೊಳ್ಳುತ್ತ ಕೂತಿರುತ್ತಿದ್ದ. ದೆವ್ವದ ಪ್ರೀತಿಯ ಆರು ಪುಟ ಅವಳಿಗೆ ನೆನಪಾಯಿತು. ಪಕ್ಕೆಲುಬು ಹಿಡಿದುಕೊಂಡು ಕೂತು ತಪ್ಪು ನನ್ನದೇ ಎಂದು ಓದಿದ ಆ ದಿನ ನೆನಪಾಗಿ, ಅವಳಿಗೆ ಅವನ ಮೇಲಲ್ಲ, ಆ ಓದಿದವಳ ಮೇಲೆ ರೋಷ ಉಕ್ಕಿ ಬಂತು, ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಹೊಡೆದ ದಿನ ಅವನಿಗೆ ಹೊಡೆಯಬೇಕೆನ್ನಿಸಿತ್ತು, ಹೊಡೆದ. ಹೊಡೆಯದ ದಿನ ಬೇಡವೆನ್ನಿಸಿತ್ತು. ನಡುವೆ ತಾನೊಬ್ಬಳು, ಮೂರು ಕೊಲೆ ಸಾಕೋ ನಾಲ್ಕು ಬೇಕೋ ಎಂದು ಅಳೆದು ಸುರಿದು.

'ಏನು ನೋಡ್ತಿದ್ದೀಯ ಅದ್ರಲ್ಲಿ? ಇಷ್ಟು ಹೊತ್ತು ಎಲ್ಲಿದ್ದೆ?' ಅವನು ಎದ್ದು ನಿಂತ. ಕೈಗಡಿಯಾರ ಬಿಚ್ಚಿದ. ಬಿಚ್ಚಿ, ಕುರ್ಚಿಯ ಕೈಮೇಲೆ ಇಡಲು ಹೋದ, ಅಲ್ಲಿ ಪುಸ್ತಕವಿರಲಿಲ್ಲ. ತೊಡೆಯ ಮೇಲಿದ್ದದ್ದು ಅವಳ ಕೈಯಲ್ಲಿತ್ತು. ಗಡಿಯಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಅದನ್ನು ಹಿಡಿದುಕೊಂಡು ಸುತ್ತ ನೋಡಿದ, ಬಸ್ಸಿನಲ್ಲಿ ಟಿಕೆಟ್ಟು ಕಳೆದುಕೊಂಡವನ ಹಾಗೆ. ಅವಳಿಗೆ ನಗು ಬಂತು. ನಕ್ಕೂಬಿಟ್ಟಳು. ಅತ್ತೆಯ ಕಡೆ ಕೈಚಾಚಿ, 'ಆ ಚಾಕು ಕೊಡಿ ಅತ್ತೆ, ಒಂದು ನಿಮಿಷ' ಅಂದಳು. ಮುದುಕಿ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಚಾಕುವನ್ನು ಸೆರಗಿಗೆ ಒರೆಸಿ ಹಿಡಿಯನ್ನು ಸೊಸೆಯ ಕಡೆ ಮಾಡಿ ಕೊಟ್ಟಳು.

ಅವಳು ಫಾರಂನ ಮೇಲಿನ ಮಡಿಕೆಗೆ ಚಾಕು ತೂರಿಸಿ ಎಳೆದಳು. ಸರ್ರೆಂದು ಸೀಳಿತು. ಪಕ್ಕದ ಮಡಿಕೆಗೆ ತೂರಿಸಿದಳು. ಕೆಲಸದ ಸದ್ದು, ದಿನವೂ ಕೇಳುವ ಸದ್ದು, ಆದರೆ ಈ ಕೋಣೆಯಲ್ಲಿ ಅದು ಬೇರೆ ಥರ ಕೇಳಿಸಿತು, ಅವನ ಕಣ್ಣು ಅಲಗಿನ ಜೊತೆಜೊತೆಗೇ ಹೋಗುವುದನ್ನು ಕಂಡು ಅವಳ ಬೆನ್ನುಹುರಿಯಲ್ಲಿ ಖುಷಿಯೊಂದು ಹರಿಯಿತು. ಇಷ್ಟು ಖುಷಿ ಅರಸನಿಗೆ ಕಠಾರಿ ಇಳಿಸಿದ ಆ ದಾಸಿಗೂ ಆಗಿರಲಾರದು. 'ಕೊನೆ ಚೆನ್ನಾಗಿತ್ತು ಅಂದ್ರಲ್ಲ,' ಅವಳು ಸೀಳುತ್ತಲೇ ಹೇಳಿದಳು, 'ಇದು ತೆರೆದೇ ಇರ್ಲಿಲ್ಲ. ಎಲ್ಲಿ ಓದಿದ್ರಿ?' ಅವನು ಇತ್ತ ಕೊಡು ಎಂದು ಪುಸ್ತಕಕ್ಕೆ ಕೈಹಾಕಿದ, ಅವಳು ಕೊಡಲಿಲ್ಲ, ಅವನು ಅವಳ ಎಡ ಮಣಿಕಟ್ಟು ಹಿಡಿದ, ಅದೇ ಜಾಗ, ಬೆರಳುಗಳಿಗೆ ಅಲ್ಲಿನ ದಾರಿ ಗೊತ್ತಿತ್ತು. ತಿರುಚಲು ಶುರುಮಾಡಿದ. ಅವಳ ಬಲಗೈ ನಿಲ್ಲಲಿಲ್ಲ. ಮಡಿಕೆಯ ಅಂಚಿನಿಂದ ಹೊರಟ ಚಾಕು ಹಾಗೇ ಮುಂದುವರಿದು ಹಿಡಿದಿದ್ದ ಅವನ ಕೈಯ ಬೆನ್ನಿನ ಅಡ್ಡಕ್ಕೆ, ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ, ಒಂದೇ ಎಳೆತಕ್ಕೆ ಹೋಯಿತು. ಕಾಗದಕ್ಕಿಂತ ಮೆತ್ತಗಿತ್ತು. ಮೊದಲು ಬಿಳಿ ಗೆರೆ ಕಂಡಿತು, ಆಮೇಲೆ ಅದು ತುಂಬಿಕೊಂಡು ಬಂತು. ಗಡಿಯಾರ ನೆಲಕ್ಕೆ ಬಿದ್ದು ಗಾಜು ಒಡೆಯಿತು. ಅವನು ಕೈಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಚಿ ಬಿಡಿಸಿ ನೋಡತೊಡಗಿದ, ರಕ್ತ ಮೊಣಕೈವರೆಗೆ ಇಳಿದು ಹದಿಮೂರನೆಯ ಫಾರಂನ ಮೇಲೆ ತೊಟ್ಟಿಕ್ಕಿತು.

'ಏನೂ ಆಗಿಲ್ಲ,' ಅವಳು ಅವನ ಕೈ ನೋಡಿ ಹೇಳಿದಳು. 'ಮುರಿದಿಲ್ಲ.'

ಅವನು ಕುರ್ಚಿಯಲ್ಲಿ ಕೂರಲು ಹೋಗಿ, ಕುರ್ಚಿ ತಪ್ಪಿ, ನೆಲಕ್ಕೆ ಮೊಣಕಾಲೂರಿ ಕುಸಿದ. ಅಮ್ಮ, ಬಟ್ಟೆ ಕೊಡು ಅಂದ. ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು, ಏಳಲಿಲ್ಲ. ಪುಸ್ತಕದ ಕಡೆ ಗದ್ದ ಎತ್ತಿ, ಅದರ ಕೊನೆಯಲ್ಲಿ ಏನಿದೆ ಎಂದು ಸೊಸೆಯನ್ನು ಕೇಳಿದಳು. ಅವಳು ಚಾಕುವನ್ನು ಬಿಡದೆ, ಈಗಷ್ಟೇ ಬಿಡಿಸಿಕೊಂಡ ಪುಟಗಳನ್ನು ಹೆಬ್ಬೆರಳಿನಿಂದ ಸರಿಸಿ ಆ ಸಾಲನ್ನು ಹುಡುಕಿದಳು. ಸಾಲು ಸಿಕ್ಕಿತು. ಅಚ್ಚಿನಲ್ಲಿ ಅವಳು ಎಂದಿತ್ತು, ಮೊಣಕಾಲೂರಿದಳು ಎಂದಿತ್ತು, ಕ್ಷಮೆ ಕೇಳಿದಳು ಎಂದಿತ್ತು. ಅವಳು ಓದತೊಡಗಿದಳು, ಎಲ್ಲ 'ಳು'ಗಳನ್ನೂ 'ನು' ಮಾಡಿ. ಅವನು ಮೊಣಕಾಲೂರಿದನು. ಅವನು ತಲೆ ತಗ್ಗಿಸಿದನು. ಅವನ ಕಣ್ಣಲ್ಲಿ ನೀರು ಧಾರಾಕಾರವಾಗಿ. ಓದುತ್ತ ಓದುತ್ತ ಅವಳ ದನಿ ಇಳಿಯಿತು. ನೆಲದ ಮೇಲಿದ್ದವನು ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡು ಮೇಲಕ್ಕೆ ನೋಡುತ್ತಿದ್ದ.

ಅತ್ತೆ ಎಡಗಿವಿಯನ್ನು ಬೆರಳಿಂದ ತಟ್ಟಿ ತೋರಿಸಿದಳು.

'ಜೋರಾಗಿ ಓದಮ್ಮ,' ಅಂದಳು. 'ಈ ಕಿವಿ ಕೇಳ್ಸಲ್ಲ.'

ಅವಳು ಜೋರಾಗಿ ಓದಿದಳು.